ಇನ್ನೂರಾ ಹದಿಮೂರನೇ ಮೀಟರು

ಹೊರಗೆ ಏಪ್ರಿಲ್ ತಿಂಗಳು, ಮೋಟೆಬೆನ್ನೂರು ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.
ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮೂರನೇ ಚೇಂಬರಿನೊಳಗೆ
ಸ್ವೆಟರು ಹಾಕಿಕೊಂಡು
ಮೆಣಸಿನಕಾಯಿ ಚೀಲದ ಅಟ್ಟಿಗಳ ನಡುವೆ ನಾನು ಗಾಜು ಎಳೆಯುತ್ತಿದ್ದೆ,
ತಲೆಗೂದಲಿಗಿಂತ ತುಸು ದಪ್ಪ,
ಬೆಳಕು ಮಾತ್ರ ಹಿಡಿಸುವಷ್ಟು ಸಣ್ಣ.

ಇದೇ ಎಳೆಯಲ್ಲಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ
ಮನೆಮನೆಗೂ ಇಂಟರ್ನೆಟ್ ಕೊಟ್ಟವನು ನಾನು.
ಇಲ್ಲಿ ಅದು ಯಾರಿಗೂ ಏನೂ ತಲುಪಿಸುವುದಿಲ್ಲ.
ಒಂದು ಮಿಂಚು ಬಿಡುತ್ತಾರೆ. ಹೋದ ದಾರಿಯುದ್ದಕ್ಕೂ
ಅದು ಚೂರುಚೂರಾಗಿ ಹಿಂದೆ ಬರುತ್ತದೆ,
ಬಂದ ಬಣ್ಣದಲ್ಲಿ ಆಯಾ ಜಾಗದ ಚಳಿ ಬರೆದಿರುತ್ತದೆ,
ತುಂಬ ಕೆಟ್ಟ ಅಕ್ಷರದಲ್ಲಿ.

ಆ ಅಕ್ಷರ ಓದಲು ಹೊಂಬಳ ಮೇಡಂ
ಒಂದು ಮಾಡೆಲ್ ಬೆಳೆಸುತ್ತಿದ್ದರು. ಬೆಳೆಸುವುದು ಅಂತ ಅವರದೇ ಮಾತು.
ಅದಕ್ಕೆ ಊಟ ಬೇಕು, ಊಟವೆಂದರೆ ಉತ್ತರ:
ಎಪ್ಪತ್ತನೇ ಮೀಟರಿನಲ್ಲಿ ನಿಜಕ್ಕೂ ಎಷ್ಟು? ನೂರಾ ಆರರಲ್ಲಿ?
ದಿನಕ್ಕೆ ನಾಲ್ಕು ಸಲ ಥರ್ಮಾಮೀಟರು ಚುಚ್ಚಿ ಬರೆಯುವುದು ನನ್ನ ಪಾಲು.
ಚೀಲದ ಬಾಯಿ ಬಿಚ್ಚಿ ಕೊಡುವುದು ದಾವಲಬಿಯ ಪಾಲು.

ಚುಚ್ಚುವ ಮೊದಲೇ ಹೇಳಿಬಿಡುತ್ತಿದ್ದಳು,
ಮೊಣಕೈತನಕ ತೋಳು ಇಳಿಸಿ:
"ಐದೂವರಿ." "ಆರು." "ಇಲ್ಲೆ ಆರು ದಾಟೇತಿ ನೋಡ್ರಿ."
ತಪ್ಪಿದರೆ ಕಾಲು ಡಿಗ್ರಿ.
ಯಾವಾಗಲೂ ಎಡಗೈ. ಬಲಗೈ ಯಾಕಿಲ್ಲ ಎಂದೆ.
"ಅದು ಸುಳ್ಳು ಹೇಳ್ತೈತಿ. ಇಪ್ಪತ್ತೆರಡು ವರ್ಷ ತೊಟ್ಟು ಮುರದೈತಿ,
ಖಾರ ಒಳಗ ಕುಂತೈತಿ. ಮಂಜುಗಡ್ಡಿ ಹಿಡಿದ್ರೂ ಉರೀತೈತಿ."

ಒಂಬತ್ತನೇ ರಾತ್ರಿ, ಎರಡೂ ಹತ್ತಕ್ಕೆ
ಮಾಡೆಲ್ ಮೊದಲ ಸಲ ಬಾಯಿಬಿಟ್ಟಿತು:
ಇನ್ನೂರಾ ಹದಿಮೂರನೇ ಮೀಟರು. ಮೂವತ್ತೊಂದು ಡಿಗ್ರಿ. ಏರುತ್ತಿದೆ.
ಮ್ಯಾನೇಜರು ಅಂಗಿಯ ಗುಂಡಿ ತಪ್ಪು ತೂತಿಗೆ ಹಾಕಿಕೊಂಡು ಓಡಿಬಂದರು.
ಚೀಲದ ಹೊಟ್ಟೆಯೊಳಗೆ ಬಿಸಿ ಕೂತರೆ
ಹೊಗೆ ಕಾಣುವ ಹೊತ್ತಿಗೆ ಹೊತ್ತು ಮೀರಿರುತ್ತದೆ.
ಪೈಪು ಹಿಡಿದು ಹಮಾಲರು ನಿಂತರು.
ನೀರು ಬಿಟ್ಟರೆ ಮಾಲು ಹೋಯಿತು,
ಬಿಡದಿದ್ದರೆ ಚೇಂಬರೇ ಹೋಯಿತು.

ಯಾರೋ ಹಿಂದಿನ ಓಣಿಯಿಂದ ದಾವಲಬಿಯನ್ನು ಎಬ್ಬಿಸಿ ತಂದರು.
ಎಡಗೈ ಇಳಿಸಿ ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು,
ಇಡೀ ಅಟ್ಟಿಯನ್ನೇ ನೋಡಿದಳು.
"ಬಿಸಿ ಅಲ್ಲರೀ. ಅಟ್ಟಿ ವಾಲೇತಿ.
ನಿಮ್ಮ ದಾರಾನ್ನ ಜಗ್ಗಾಕ್ಹತ್ತೇತಿ."

ಬೆರಳಿಟ್ಟರೆ ಕೊರೆಯುವಷ್ಟು ಬಿಗಿದಿತ್ತು ನನ್ನ ಎಳೆ.
ಥರ್ಮಾಮೀಟರು ಆರು ಎಂದಿತು.

ಫೋನಿನಲ್ಲಿ ಮೇಡಂ ನಕ್ಕರು, ನಿದ್ದೆಗೆಟ್ಟ ನಗು.
ಗಾಜಿಗೆ ಕಾಯಿಸಿದರೂ ಜಗ್ಗಿದರೂ ಒಂದೇ ನೋವು,
ಕೂಗುವುದು ಒಂದೇ ದನಿಯಲ್ಲಿ.
ಎರಡನ್ನೂ ಬೇರೆ ಮಾಡುವುದು ಅದಿನ್ನೂ ಕಲಿತಿಲ್ಲ.
ಕಲಿಸುವಷ್ಟು ಉತ್ತರ ನಮ್ಮಲ್ಲಿಲ್ಲ.

ಮರುದಿನ ವಹಿಯಲ್ಲಿ ಮೂರನೇ ಕಾಲಂ ಗೀಟು ಹಾಕಿದೆ: ಜಗ್ಗು.
ಅದರಡಿ ತುಂಬಿದ್ದೆಲ್ಲ ದಾವಲಬಿ ಹೇಳಿದ್ದು.
"ಇಲ್ಲೆ ಸಡ್ಲ." "ಇಲ್ಲೆ ಚೂರು ಬಿಗಿ."
"ಇಲ್ಲೆ ಯಾವನೋ ಕುಂತು ಬೀಡಿ ಸೇದ್ಯಾನ, ಬರಕೋರಿ ಅದನ್ನೂ."
ಬರೆದುಕೊಂಡೆ.

ಜೂನ್ ಬಂತು. ಮಾಡೆಲ್ ಈಗ ವಾಲಿದ್ದನ್ನು ವಾಲಿದೆ ಎನ್ನುತ್ತದೆ.
ಕೊನೆಯ ದಿನ ಎಳೆ ಕತ್ತರಿಸುವ ಮೊದಲು
ದಾವಲಬಿ ಎರಡೂ ಅಂಗೈ ನನ್ನ ಮುಂದೆ ಚಾಚಿದಳು:
"ಇವನ್ನ ಓದ್ತೈತೇನು ಅದು?"
ತುದಿಯ ಎಳೆಯನ್ನು ಒಂದಕ್ಕೆ ಸುತ್ತಿದೆ, ಆಮೇಲೆ ಇನ್ನೊಂದಕ್ಕೆ.
ಹಸಿರು ಗೆರೆ ನಡುಗಿ ನಿಂತಿತು.
ಎಡಗೈ ಮೂವತ್ತಮೂರೂವರೆ.
ಬಲಗೈ ಮೂವತ್ತಮೂರೂವರೆ.

ಪರದೆಯನ್ನು ನೋಡಿದಳು. ಬಲಗೈಯನ್ನು ನೋಡಿಕೊಂಡಳು.
"ಪಾಪ, ಇನ್ನೂ ಸಣ್ಣದೈತಿ," ಎಂದು
ಸೆರಗಿಗೆ ಕೈ ಒರೆಸಿಕೊಂಡು
ಚೀಲ ಸರಿಸಲು ಹೋದಳು.