ಅರ್ಜಿ ಸಾಂಬಯ್ಯನ ತಿದ್ದುಪಡಿ

ಬಳ್ಳಾರಿ ಕಚೇರಿ ಮುಂದಿನ ಬೇವಿನ ಕೆಳಗೆ
ನನ್ನದೊಂದು ಚಾಪೆ, ಕಾಲು ಮುರಿದ ಡೆಸ್ಕು, ಮಸಿಕುಡಿಕೆ.
ಕಾಗದಕ್ಕೆ ಕಾಲಾಣೆ. ಬೈಗುಳವಿದ್ದರೆ ಅರ್ಧ.

ಬೆಳಿಗ್ಗೆ ಚೆಂಗಲರಾಯ ಬರುತ್ತಿದ್ದ,
ಪಲ್ಟನ್ನಿನ ಬೆನ್ನು ಹತ್ತಿ ಆರ್ಕಾಡಿನಿಂದ ಬಂದು
ಕೌಲ್ ಬಜಾರಿನ ಹೆಂಡದಂಗಡಿಗಳಿಗೆ
ತಾನೇ ಕಾವಲೆಂದು ಕಾಸು ಕೀಳುವವ.
ಮಧ್ಯಾಹ್ನ ಓಬುಳೇಸು,
ಕಡಪದಲ್ಲೊಂದು ಹೆಣ ಬಿಟ್ಟು ಓಡಿಬಂದು
ಗೂಡ್ಸ್ ಶೆಡ್ಡಿನ ಹಮಾಲರಿಗೆ
ತಲೆಗಿಷ್ಟೆಂದು ಗೊತ್ತು ಮಾಡಿದವ.
ಅವನಿಗೆ ತೆಲುಗು ಬಾರದು, ಇವನಿಗೆ ಅರವ ಬಾರದು.
ಜಗಳಕ್ಕೆ ಕನ್ನಡ ಬೇಕಿತ್ತು.
ಆ ಕನ್ನಡ ನಾನು.

"ನಿನ್ನ ಕರುಳು ಗೂಡ್ಸ್ ಗಾಡಿಗೆ ಕಟ್ಟುತೀನಿ, ಬರಿ"
ಅಂತಿದ್ದ ಚೆಂಗಲರಾಯ. ಬರೀತಿದ್ದೆ, ಅಕ್ಷರ ಬಿಡದೆ.
ಬರಹದಲ್ಲಿ ಸುಳ್ಳು ಹೊಂದಿಸಲಾರೆ, ಅದೊಂದು ನನ್ನ ಜಂಭ.
ಕೆಳಗೆ ಇದ್ದಿಲು ಬಳಿದ ಅಂಗೈ ಒತ್ತುತ್ತಿದ್ದ.

ಮೂರು ತಾಸಿಗೆ ಅದೇ ಕಾಗದ ನನ್ನ ಚಾಪೆಗೇ ವಾಪಸ್ಸು.
"ಓದು ಸಾಂಬಯ್ಯ, ಏನಂತಾನೆ?"
ನನ್ನದೇ ಬರಹಕ್ಕೆ ಕನ್ನಡಕ ಏರಿಸಿ ಓದುತ್ತಿದ್ದೆ:
"ಶೆಡ್ಡು ನಿನ್ನದು, ಬಜಾರು ನನ್ನದು,
ಈ ಬಿಸಿಲಿಗೆ ಹೊಡೆದಾಡಲು ಯಾರಿಂದಾದೀತು ಅಂತ ಬರೆದಾನೆ."
"ಮತ್ತೆ ಈ ಕರೀ ಕೈ?"
"ಆಣೆ ಇಟ್ಟಾನೆ."
ಓಬುಳೇಸು ನಕ್ಕು ಇನ್ನೊಂದು ಕಾಲಾಣೆ ಇಡುತ್ತಿದ್ದ.

ಹನ್ನೊಂದು ವರ್ಷ.
ಊರು ತಣ್ಣಗಿರುವುದು ತನ್ನ ಮೀಸೆಯಿಂದ ಅಂದ ದಫೇದಾರ,
ಅಮ್ಮನಿಂದ ಅಂದ ದುರ್ಗಮ್ಮನ ಗುಡಿಯ ಪೂಜಾರಿ.
ನಾನು ಎಲೆಯಡಿಕೆ ಹಾಕಿಕೊಂಡು ಸುಮ್ಮನಿದ್ದೆ.

ಓಬುಳೇಸುಗೆ ಒಬ್ಬನೇ ಮಗ, ಪೆಂಚಲಯ್ಯ.
ನನ್ನಂತೆ ನೆರಳಲ್ಲಿ ಕೂತು ಉಣ್ಣಲಿ ಎಂದು
ಮಿಷನ್ ಶಾಲೆಗೆ ಹಾಕಿದ.
ಒಂದು ದಿನ ಕಾಗದ ನನ್ನ ಚಾಪೆಗೆ ಬರಲಿಲ್ಲ.
ಮನೆಯಲ್ಲೇ, ಬುಡ್ಡಿ ದೀಪದ ಮುಂದೆ, ಹುಡುಗ ಓದಿದನಂತೆ,
ಬೆರಳಿಟ್ಟು, ಬಿಡಿಸಿ ಬಿಡಿಸಿ:
ಕ. ರು. ಳು.

ಆ ರಾತ್ರಿ ಶೆಡ್ಡಿನಲ್ಲಿ ಮೂವರು. ಓಬುಳೇಸುವೂ ಒಬ್ಬ.
ಕೆಂಪಾದ ಹತ್ತಿ ಅಂಡಿಗೆಗಳನ್ನು
ದರ ಇಳಿಸಿ ಮದರಾಸಿಗೆ ಕಳಿಸಿದರು.

ತಿಥಿ ಮುಗಿದ ಮರುದಿನ ಹುಡುಗ ಬಂದ.
ತಲೆ ಬೋಳಿಸಿತ್ತು, ಮೀಸೆ ಇನ್ನೂ ಮೂಡಿರಲಿಲ್ಲ.
ಬರೆಸಲಿಕ್ಕಲ್ಲ, ತಾನೇ ಬರೆದು ತಂದಿದ್ದ.
"ತಪ್ಪಿದ್ದರೆ ನೋಡ್ರಿ."
ಚೆಂಗಲರಾಯನ ಹೆಸರು ಸರಿಯಿತ್ತು.
ಮುಂದೆ,
ನಿನ್ನನ್ನು ಕೊಳೆ ಮಾಡುತ್ತೇನೆ ಎಂದಿತ್ತು.

ಹಾಗೇ ಬಿಡಬಹುದಿತ್ತು.
ಇಷ್ಟು ವರ್ಷ ಸುಳ್ಳು ಓದಿದ ನಾಲಿಗೆ ಒಣಗಿ ಕೂತಿತು.
ಕೈ ಮಾತ್ರ, ಹಾಳು ಅಭ್ಯಾಸ, ಲೆಕ್ಕಣಿಕೆ ಅದ್ದಿ
ಳೆ ಹೊಡೆದು ಲೆ ಬರೆಯಿತು, ದುಂಡಗೆ.

"ಎಷ್ಟಾಯ್ತ್ರಿ?" ಅಂದ.
ತಿದ್ದಲಿಕ್ಕೆ ನನ್ನ ಹತ್ತಿರ ದರ ಇರಲಿಲ್ಲ.