ಸೊನ್ನೆ ಟಿಕೀಟು

ಚಿತ್ತಾಪುರದಾಗ ಮಗಳ ಜ್ವರಕ್ಕಂತ ಹೋಗಿದ್ದೆ.
ಬರೆಯುತ್ತಿದ್ದ ಪೆನ್ನು ನಿಲ್ಲಿಸಿ
ನುಸ್ರತ್ ಡಾಕ್ಟರಮ್ಮ ತಲೆ ಎತ್ತಿದರು:
'ಭೀಮಶಾ, ದನಿ ಯಾಕ ಹಿಂಗಾಗ್ಯಾದ?'

'ಸಿಮೆಂಟ್ ಧೂಳ್ರೀ ಮೇಡಂ. ದಿನಾ
ವಾಡಿ, ನಾಲವಾರ, ಯಾದಗಿರಿ ಅಂತ ಒದರಬೇಕಲ್ಲ.'
'ಎಷ್ಟು ದಿನಾತು?'
'ದಸರಾದಿಂದ.'
ಸಂಕ್ರಾಂತಿಯ ಸಜ್ಜೆರೊಟ್ಟಿ ಆಗಲೇ ಮುಗಿದಿತ್ತು.
ನಕ್ಕೆ. ಅವರು ನಗಲಿಲ್ಲ.

ಚೀಟಿ ಕೊಟ್ಟರೆ ಕಿಸೆಯಲ್ಲೇ ಕೊಳೆಸುತ್ತೇನೆಂದು
ಗೊತ್ತು ಅವರಿಗೆ, ಇಪ್ಪತ್ತು ವರ್ಷದ ಪೇಷಂಟು ನಾನು.
ನನ್ನೆದುರೇ ಕಲಬುರಗಿಗೆ ಫೋನು ಹಚ್ಚಿದರು.
'ನಾಳೆ ಹತ್ತಕ್ಕ. ರಜಾ ಹಾಕು.'

ಜೋಳದ ನುಚ್ಚಿನಷ್ಟು, ಅಂದರು ಅಲ್ಲಿ,
ದನಿ ಹುಟ್ಟುವ ಜಾಗದಲ್ಲೇ.
ಇನ್ನೊಂದು ದಸರಾ ದಾಟಿದ್ದರೆ ಗಂಟಲಿಗೆ ತೂತು...
ಪೂರಾ ಹೇಳಲಿಲ್ಲ.

ಮೂವತ್ತು ಸಲ ಕರೆಂಟು ಕೊಟ್ಟರು.
ಸುಟ್ಟ ಬದನೆಕಾಯಿಯಂತಾಯಿತು ಕತ್ತಿನ ತೊಗಲು.
ಮಗಳ ಸ್ಲೇಟಿನ ಮೇಲೆ ಬರೆಯುತ್ತಿದ್ದೆ: ನೀರು.
ಅವಳು ಕಾಗುಣಿತ ತಿದ್ದುತ್ತಿದ್ದಳು.

ಈಗ ದನಿ ಅದ. ಅರ ಹಾಕಿ ಉಜ್ಜಿದಂಗ,
ಆದರ ನಂದೇ.

ಮೊನ್ನೆ ಅವರೇ ನನ್ನ ಬಸ್ಸು ಹತ್ತಿದರು.
ಅವರ ಟಿಕೀಟಿನ ರೊಕ್ಕ ನಾನೇ ತುಂಬಬೇಕೆಂದು
ಎಷ್ಟು ತಿಂಗಳ ಆಸೆ!
ಆಧಾರ್ ಕಾರ್ಡು ಹಿಡಿದು, 'ಯಾದಗಿರಿ, ಒಂದು.'
ಹೆಣ್ಣುಮಕ್ಕಳಿಗೆ ಸರಕಾರ ಮೊದಲೇ ಪುಕ್ಕಟೆ ಮಾಡ್ಯಾದ.
ಸೊನ್ನೆ ರೂಪಾಯಿ ಹರಿದುಕೊಟ್ಟೆ.

ಬೇರೆ ಏನು ಕೊಡಲಿ?
ಬಾಗಿಲಿಗೆ ಜೋತು, ದಿನಕ್ಕಿಂತ ತುಸು ಜೋರಾಗಿ
ಒದರಿದೆ: ವಾಡಿ, ನಾಲವಾರ, ಯಾದಗಿರಿ!
ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದವರು
ತಿರುಗದೆ ಅಂದರು:
'ಸಾಕು. ಮೆಲ್ಲಕ.'