ಕಟ್ಟು ಹಾಕುವಾಗ

ಶಿವರಾಂಪೇಟೆಯ ನನ್ನಂಗಡಿಗೆ
ಎರಡೇ ಜಾತಿಯ ಗಿರಾಕಿ:
ದೇವರನ್ನು ತರುವವರು, ತೀರಿಕೊಂಡವರನ್ನು ತರುವವರು.
ಅಬೆನಾ ತಂದದ್ದು ಎರಡೂ ಅಲ್ಲ.

ಮಾನಸಗಂಗೋತ್ರಿಯಲ್ಲಿ ಓದುವ ಹುಡುಗಿ, ಊರು ಕುಮಾಸಿ.
ಕೊಳವೆಯೊಳಗಿಂದ ಸುರುಳಿ ಎಳೆದು
ಮೇಜಿನ ಮೇಲೆ ಹರಡಿದಳು. ನಾಲ್ಕು ಮೂಲೆಗೆ
ಸುತ್ತಿಗೆ, ಗೋಂದಿನ ಡಬ್ಬಿ, ಅಳತೆಪಟ್ಟಿ,
ಮುದಸ್ಸಿರನ ಟಿಫನ್ ಬಾಕ್ಸು.

ಆಫ್ರಿಕಾ ಅಂದರೆ ಮುಖವಾಡ, ಜಿರಾಫೆ, ಡೋಲು
ಅಷ್ಟೇ ಗೊತ್ತಿದ್ದವನು ನಾನು. ಅದೂ
ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ಕೀಚೈನಿನಿಂದ.
ಇಲ್ಲಿ ಬರೀ ಮಾವಿನ ಹಳದಿ, ಗೋಡೆಯೋ ಆಕಾಶವೋ.
ಪ್ಲಾಸ್ಟಿಕ್ ಕುರ್ಚಿ ಅಡ್ಡ ಮಲಗಿದೆ,
ಹೆಂಗಸು ಮಾತ್ರ ಕೂತೇ ಇದ್ದಾಳೆ,
ಒಂದು ಚಪ್ಪಲಿ ಬಿಚ್ಚಿ.
"ಮೇಲು ಯಾವ ಕಡೆ?" ಕೇಳಿದೆ.
"ಚಿಕ್ಕಮ್ಮ ಬರೆದಿದ್ದು. ಅವಳೂ ತಿರುಗಿಸಿ ತಿರುಗಿಸಿ ನೋಡ್ತಾಳೆ."
"ಯಾರಮ್ಮಾ ಇವರು? ಹೋಗಿಬಿಟ್ರಾ?"
"ಸತ್ತಿಲ್ಲ ಅಂಕಲ್. ಪಕ್ಕದ ಮನೆ. ರೀಚಾರ್ಜ್ ಅಂಗಡಿ."

ಅವಳು ಹೋದ ಮೇಲೆ ಲೈಟು ಹತ್ತಿರ ಎಳೆದು ನೋಡಿದೆ.
ಕಪ್ಪು ಅಂದರೆ ಒಂದು ಟ್ಯೂಬು ಅಂದುಕೊಂಡಿದ್ದೆ.
ಕೆನ್ನೆಯಲ್ಲಿ ನೇರಳೆಹಣ್ಣಿನ ಕಪ್ಪು,
ಕತ್ತಿನ ಮಡಿಕೆಯಲ್ಲಿ ಹೊಸ ಟಾರಿನದು,
ಮಂಡಿಯಲ್ಲಿ, ತಿಕ್ಕಿ ತಿಕ್ಕಿ ಮಿನುಗಿಸಿದ ಬೀಟೆಮರದ್ದು,
ಕಿವಿಯ ಹಿಂದೆ ಹಸಿರು. ಹೌದು, ಹಸಿರೇ.
ಬೆರಳಲ್ಲಿ ಎಣಿಸುತ್ತ ಹೋದೆ, ಹನ್ನೊಂದಕ್ಕೆ ತಪ್ಪಿತು.
ಮುದಸ್ಸಿರ ಹದಿಮೂರು ಅಂದ.

ನಮ್ಮ ಚಿತ್ರಗಾರರು ಕರಿಯ ದೇವರಿಗೂ
ನೀಲಿ ಬಳಿದು ಕಳಿಸುತ್ತಾರೆ;
ನಾನು ಚಿನ್ನದ ಅಂಚು ಕೊಟ್ಟು ಕೂರಿಸುತ್ತೇನೆ.
ಇದಕ್ಕೆ ಚಿನ್ನ ಒಪ್ಪಲಿಲ್ಲ. ಬಿಳಿ ಮೌಂಟು ಇಟ್ಟೆ, ತೆಗೆದೆ.
ಕೊನೆಗೆ ಬರೀ ತೇಗ, ಪಾಲಿಶ್ ಇಲ್ಲದ್ದು.

ಕೊಯ್ಯುತ್ತ ತಲೆಯೆತ್ತಿದರೆ ಗಲ್ಲಾದ ಮೇಲೆ ಅವ್ವ.
ಹೆಸರು ಕರಿಯಮ್ಮ. ಫೋಟೊದಲ್ಲಿ ಗೋಧಿ ಬಣ್ಣ.
ಪಕ್ಕದ ಸ್ಟುಡಿಯೊದವನಿಗೆ ನಾನೇ ಹೇಳಿದ್ದು,
ತಿಥಿಗೆ ಜನ ಬರ್ತಾರೆ, ಸ್ವಲ್ಪ ಬೆಳ್ಳಗೆ ಮಾಡಪ್ಪಾ ಅಂತ.
ಇಪ್ಪತ್ತು ರೂಪಾಯಿ ಜಾಸ್ತಿ ತಗೊಂಡ.
ಅವಳ ಕೆನ್ನೆ ಯಾವ ಕಪ್ಪು?
ಸ್ಟೂಲು ಹತ್ತಿ ನೋಡಿದೆ.
ಗಾಜಿಗೆ ನನ್ನ ಮುಖವೇ ಅಡ್ಡ ಬಂತು.

ಶನಿವಾರ ಅಬೆನಾ ಬಂದಳು.
ಕಟ್ಟಿನ ನೆತ್ತಿಯಲ್ಲಿ ಚಿಕ್ಕದೊಂದು ಕೊಕ್ಕೆ:
"ಇದು ಯಾಕೆ?"
ಹಾರಕ್ಕೆ. ಕೈ ತನ್ನಷ್ಟಕ್ಕೆ ಹೊಡೆದುಬಿಟ್ಟಿದೆ.
ಕಿತ್ತುಕೊಡ್ತೀನಿ ಅಂದೆ. ಬೇಡ,
ರೂಮಿನ ಬೀಗದ ಕೈ ನೇತುಹಾಕ್ತೀನಿ ಅಂದಳು.